ಬಾಣಲೆಯ ಬೆನ್ನಿನ ಅಂಕಿತ

ನಮ್ಮ ಕಡೆಯ ಮನೆಗಳಲ್ಲಿ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ ಉಂಟು. ಮದುವೆಯಲ್ಲಿ ಕೊಟ್ಟ ಚೊಂಬು, ಗೃಹಪ್ರವೇಶಕ್ಕೆ ಬಂದ ತಪ್ಪಲೆ, ನಾಮಕರಣದ ಬೆಳ್ಳಿಯ ಒಳಲೆ, ಯಾವುದನ್ನೇ ಕೈಗೆ ತೆಗೆದುಕೊಂಡರೂ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಕಾಣುತ್ತವೆ. ಕೊಟ್ಟವರ ಹೆಸರು, ಪಡೆದವರ ಹೆಸರು, ಕೆಲವೊಮ್ಮೆ ತಾರೀಖು. ಆದರೆ ಆ ಚೊಂಬನ್ನು ಮಾಡಿದವನು ಯಾರೆಂದು ಕೇಳಿದರೆ ಪಾತ್ರೆ ಮೌನವಾಗಿರುತ್ತದೆ.

ಅಮೆರಿಕಾ ದೇಶದ ಹಳೆಯ ಬೀಡುಕಬ್ಬಿಣದ ಅಡಿಗೆ ಪಾತ್ರೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಒಡೆಯನ ಹೆಸರಿಲ್ಲ. ಎರಕ ಹೊಯ್ದ ಕಾರ್ಖಾನೆಯ ಹೆಸರು ಬೆನ್ನಿನ ಮೇಲಿರುತ್ತದೆ. ವಚನದ ಕೊನೆಯಲ್ಲಿ ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರು ನೆನಪಾಗುವಂತೆ, ‘ಪುರಂದರವಿಠಲ’ ಎಂದೊಡನೆ ದಾಸರು ನೆನಪಾಗುವಂತೆ, ಆ ಮುದ್ರೆಯನ್ನು ಕಂಡೊಡನೆ ಬಲ್ಲವರು ಊರು, ಕಾರ್ಖಾನೆ, ಕಾಲ ಇಷ್ಟನ್ನೂ ಹೇಳಿಬಿಡುತ್ತಾರೆ. ಆದುದರಿಂದ ನಾನು ಅದನ್ನು ಬಾಣಲೆಯ ಅಂಕಿತವೆಂದು ಕರೆಯುತ್ತೇನೆ. ಅಂಕಿತವನ್ನು ಓದುವುದು ಹೇಗೆ, ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದೇ ಈ ಲೇಖನದ ವಿಷಯ.

ಕನ್ನಡ ಪಂಡಿತನಿಗೆ ಅಮೆರಿಕಾದ ಬಾಣಲೆಯ ಗೊಡವೆ ಏಕೆ ಎಂದು ತಾವು ಕೇಳಬಹುದು. ನನ್ನ ಮಗಳು ಒಹಾಯೋ ಪ್ರಾಂತದಲ್ಲಿ ಸಂಸಾರ ಹೂಡಿದ್ದಾಳೆ. ಒಂದು ದಿನ ಹಳೆಯ ಸಾಮಾನಿನ ಮಾರಾಟದ ಜಾಗದಿಂದಲೇ ಫೋನು ಮಾಡಿ, ಎರಡು ಬಾಣಲೆಗಳ ಚಿತ್ರ ಕಳಿಸಿದಳು. ಒಂದು ಅಂಗೈಯಗಲದ ಪುಟ್ಟದು. ಬೆನ್ನಿನ ಮೇಲೆ ಹೆಸರಾಂತ ಕಾರ್ಖಾನೆಯ ಮುದ್ರೆ. ಬೆಲೆ ೯೦ ಡಾಲರು. ಇನ್ನೊಂದು ದೊಡ್ಡದು, ಹೆಸರಿಲ್ಲ, ಕಿಟ್ಟ ಕಟ್ಟಿ ಕರ್ರಗಾಗಿದೆ, ಬೆಲೆ ೧೫ ಡಾಲರು.

“ಅಣ್ಣಾ, ಚಿಕ್ಕದು ಒಗ್ಗರಣೆಗೆ ಸರಿಹೋಗತ್ತೆ. ದೊಡ್ಡದರಲ್ಲಿ ಹೆಸರೇ ಇಲ್ಲ. ಯಾವುದು ತಗೊಳ್ಳಲಿ?”

“ಹೆಸರಿರೋದನ್ನೇ ತಗೋಮ್ಮ” ಎಂದೆ.

ಪಕ್ಕದಲ್ಲಿದ್ದ ಅವಳ ತಾಯಿ, “ಒಗ್ಗರಣೆ ಚಟಪಟ ಅನ್ನೋದಕ್ಕೆ ಹೆಸರು ಯಾಕೆ ಬೇಕು?” ಎಂದಳು. ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಮುಂದೇನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅಂಕಿತದ ಪರಿಚಯವಾಗಲಿ.

ನಮ್ಮ ಕಾವಲಿಗೆ ಎರಡಂಗುಲದ ಅಂಚು ಕಟ್ಟಿ, ಒಂದು ಗಿಡ್ಡ ಹಿಡಿಯನ್ನು ಸೇರಿಸಿದರೆ ಹೇಗೋ ಹಾಗಿರುತ್ತದೆ ಅಲ್ಲಿಯ ಬಾಣಲೆ. ಅವರು ಅದನ್ನು ಸ್ಕಿಲೆಟ್ ಎನ್ನುತ್ತಾರೆ. ಹಿಡಿ ಸಹಿತವಾಗಿ ಅದು ಒಂದೇ ಎರಕ. ಮಾಡುವ ಕ್ರಮ ಹೀಗೆ: ಮೊದಲು ಬಾಣಲೆಯದೇ ರೂಪದ ಒಂದು ಮಾದರಿಯನ್ನು ಸಿದ್ಧಪಡಿಸುತ್ತಾರೆ. ಹೆಸರು, ಅಂಕಿ ಎಲ್ಲವೂ ಆ ಮಾದರಿಯಲ್ಲೇ ಇರುತ್ತವೆ. ಮಾದರಿಯ ಸುತ್ತ ತೇವದ ಮರಳನ್ನು ಗಟ್ಟಿಯಾಗಿ ಬಡಿದು, ಮಾದರಿಯನ್ನು ಮೆಲ್ಲಗೆ ಹೊರಗೆ ತೆಗೆದರೆ ಮರಳಿನಲ್ಲಿ ಅಚ್ಚು ಉಳಿಯುತ್ತದೆ. ಅದರೊಳಕ್ಕೆ ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ಆರಿದ ಮೇಲೆ ಮರಳನ್ನು ಒಡೆದು ಬಾಣಲೆಯನ್ನು ತೆಗೆಯುತ್ತಾರೆ. ಒಂದು ಬಾಣಲೆಗೆ ಒಂದು ಮರಳಚ್ಚು. ಮಾದರಿ ಮಾತ್ರ ವರ್ಷಗಟ್ಟಲೆ ಅದೇ.

ಈ ಕ್ರಮವನ್ನು ತಿಳಿದವರಿಗೆ ಬಾಣಲೆಯ ಮೈಯೆಲ್ಲವೂ ಅಕ್ಷರವಾಗುತ್ತದೆ. ತಳವನ್ನು ತಿರುಗಿಸಿ ನೋಡಿದಾಗ ನಡುವೆ ಉದ್ದನೆಯ ಒಂದು ಗೆರೆ, ಮಾಗಿದ ಗಾಯದ ಕಲೆಯಂತೆ, ಕಂಡರೆ ಅದು ಕಬ್ಬಿಣ ಅಚ್ಚನ್ನು ಹೊಕ್ಕ ಬಾಯಿಯ ಗುರುತು. ಹಿಂದೆ ಕಬ್ಬಿಣವನ್ನು ತಳದ ಕಡೆಯಿಂದ ಹೊಯ್ದು, ಹೆಚ್ಚಾಗಿ ನಿಂತ ಲೋಹವನ್ನು ಮುರಿದು ಅರದಿಂದ ಉಜ್ಜುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಂಚಿನ ಕಡೆಯಿಂದ ಹೊಯ್ಯುವ ಪದ್ಧತಿ ಬಂತು. ಆದುದರಿಂದ ಆ ಗೆರೆಯಿದ್ದರೆ ಪಾತ್ರೆ ಸಾಮಾನ್ಯವಾಗಿ ೧೮೯೦ಕ್ಕಿಂತ ಹಿಂದಿನದು. ಅಂಥ ಪಾತ್ರೆಗಳಲ್ಲಿ ಹೆಸರಿಲ್ಲದವೇ ಹೆಚ್ಚು. ಇನ್ನೊಂದು ಗುರುತು ತಳದ ಅಂಚಿನ ಉಂಗುರ. ಸೌದೆ ಒಲೆಯ ಮೇಲಣ ದುಂಡುಬಾಯಿಯ ಮೇಲೆ ಬಾಣಲೆ ಸರಿಯಾಗಿ ಕೂರಲೆಂದು ತಳದ ಸುತ್ತ ಒಂದು ಏರು ಇರುತ್ತಿತ್ತು. ಗ್ಯಾಸು, ವಿದ್ಯುತ್ತಿನ ಒಲೆಗಳು ಮನೆ ಮನೆಗೆ ಬಂದಂತೆ ತಳ ನುಣುಪಾಯಿತು.

ಹಲ್ಮಿಡಿಯ ಶಾಸನದಲ್ಲಿ ವರ್ಷದ ಉಲ್ಲೇಖವಿಲ್ಲ. ಅಕ್ಷರದ ವಟುವನ್ನೂ ಅದರಲ್ಲಿ ಬರುವ ಕದಂಬ ಕಾಕುಸ್ಥನ ಹೆಸರನ್ನೂ ಹಿಡಿದು ವಿದ್ವಾಂಸರು ಸುಮಾರು ಕ್ರಿ. ಶ. ೪೫೦ ಎಂದು ನಿರ್ಣಯಿಸಿದರು. ಬಾಣಲೆಯ ಕಾಲನಿರ್ಣಯದ ದಾರಿಯೂ ಇದೇ: ಹೆಸರು ಯಾವುದೆಂಬುದರ ಜೊತೆಗೆ, ಹೆಸರನ್ನು ಹೇಗೆ ಬರೆದಿದ್ದಾರೆಂಬುದನ್ನು ನೋಡಬೇಕು.

ಮೂರು ಹೆಸರುಗಳನ್ನು ಮುಖ್ಯವಾಗಿ ತಿಳಿದಿರಬೇಕು. ಮೊದಲನೆಯದು ಗ್ರಿಸ್ವೋಲ್ಡ್. ಪೆನ್ಸಿಲ್ವೇನಿಯಾ ಪ್ರಾಂತದ ಈರಿ ಎಂಬ ಸರೋವರದ ದಡದ ಊರಿನಲ್ಲಿ ೧೮೬೫ರಲ್ಲಿ ಪ್ರಾರಂಭವಾದ ವ್ಯವಹಾರ. ಹಳೆಯ ಬಾಣಲೆಗಳ ಮೇಲೆ ಒಡೆಯನ ಹೆಸರಿಲ್ಲ, ‘ಈರಿ’ ಎಂದು ಊರಿನ ಹೆಸರು ಮಾತ್ರ ಉಂಟು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎರಡು ಉಂಗುರಗಳ ಒಳಗೆ ಒಂದು ಶಿಲುಬೆ, ಅದರ ಮೇಲೆ ಓರೆಯಾದ ಅಕ್ಷರಗಳಲ್ಲಿ ಗ್ರಿಸ್ವೋಲ್ಡ್ ಎಂಬ ಮುದ್ರೆ ಬಂತು. ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ಅಕ್ಷರಗಳು ನೆಟ್ಟಗಾದವು, ಮುದ್ರೆ ದೊಡ್ಡದಾಗಿತ್ತು. ೧೯೪೦ರ ಸುಮಾರಿನಿಂದ ಅದೇ ಮುದ್ರೆ ಚಿಕ್ಕದಾಯಿತು. ೧೯೫೭ರಲ್ಲಿ ಈರಿಯ ಕಾರ್ಖಾನೆ ಮುಚ್ಚಿತು. ಆದರೆ ಹೆಸರು ಸಾಯಲಿಲ್ಲ; ಅದನ್ನು ಪ್ರತಿಸ್ಪರ್ಧಿಯ ಕಡೆಯವರು ಕೊಂಡು ತಮ್ಮ ಊರಿನಲ್ಲಿ ಎರಕ ಹೊಯ್ಯತೊಡಗಿದರು. ಆ ಬಾಣಲೆಗಳ ಮೇಲೆ ಗ್ರಿಸ್ವೋಲ್ಡ್ ಎಂದಿದ್ದರೂ ‘ಈರಿ’ ಎಂಬ ಊರಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕುಲದ ಹೆಸರನ್ನು ಉಳಿಸಿಕೊಂಡು ಊರನ್ನು ಬಿಟ್ಟ ಸಂಸಾರದಂತೆ ಅದು.

ಆ ಪ್ರತಿಸ್ಪರ್ಧಿಯೇ ಎರಡನೆಯ ಹೆಸರು, ವ್ಯಾಗ್ನರ್. ಒಹಾಯೋ ಪ್ರಾಂತದ ಸಿಡ್ನಿಯಲ್ಲಿ ೧೮೯೧ರಲ್ಲಿ ಸ್ಥಾಪನೆಯಾದುದು. ಬಾಣಲೆಯ ಮೇಲೆ ಸಿಡ್ನಿ ಎಂದು ಕಂಡು ಆಸ್ಟ್ರೇಲಿಯದ್ದೆಂದು ತಿಳಿಯುವವರುಂಟು; ಮುಂದೆ ಇರುವ ‘ಓ’ ಅಕ್ಷರವೇ ಒಹಾಯೋ. ‘ವ್ಯಾಗ್ನರ್ ವೇರ್’ ಎಂಬ ಎರಡು ಪದಗಳಿಗೂ ಸೇರಿ ಒಂದೇ ದೊಡ್ಡ ಮೊದಲಕ್ಷರವನ್ನು ಬರೆದ ಮುದ್ರೆ ಬಹು ಪ್ರಸಿದ್ಧ. ಎರಡು ಪದಗಳು ಒಂದೇ ಅಕ್ಷರದಲ್ಲಿ ಕೂಡಿಕೊಂಡಿರುವ ಅದನ್ನು ನೋಡಿದಾಗ ನನಗೆ ಸಂಧಿಪ್ರಕರಣದ ಪಾಠ ನೆನಪಾಯಿತು.

ಮೂರನೆಯದು ಲಾಡ್ಜ್. ಟೆನೆಸಿ ಪ್ರಾಂತದ ಸೌತ್ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಜೋಸೆಫ್ ಲಾಡ್ಜ್ ಎಂಬಾತ ೧೮೯೬ರಲ್ಲಿ ಎರಕಶಾಲೆಯನ್ನು ತೆರೆದು, ಅದಕ್ಕೆ ತನ್ನ ಹೆಸರನ್ನಿಡದೆ ಮಿತ್ರನಾದ ಪಾದ್ರಿಯ ಹೆಸರಿನಿಂದ ಬ್ಲ್ಯಾಕ್‌ಲಾಕ್ ಎಂದು ಕರೆದ. ೧೯೧೦ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿದಾಗ ಲಾಡ್ಜ್ ಎಂಬ ಹೆಸರು ಬಂತು. ಆ ಸಂಸ್ಥೆ ಇಂದಿಗೂ ಅದೇ ಊರಿನಲ್ಲಿ ಎರಕ ಹೊಯ್ಯುತ್ತಿದೆ.

ಇನ್ನು ಅಂಕಿಗಳ ವಿಚಾರ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬಾಣಲೆಯ ಮೇಲೆ ೮ ಎಂದಿದ್ದರೆ ಅದು ಎಂಟು ಅಂಗುಲವಲ್ಲ. ಸೌದೆ ಒಲೆಯ ಬಾಯಿಗೆ ಇದ್ದ ನಂಬರಿನ ಲೆಕ್ಕ ಅದು. ೮ನೆಯ ನಂಬರಿನ ಬಾಣಲೆಯ ಬಾಯಗಲ ಸುಮಾರು ಹತ್ತೂವರೆ ಅಂಗುಲ. ಅದರ ಜೊತೆಗೆ ೭೦೪ ಎಂದೋ ೧೦೫೮ ಎಂದೋ ಇದ್ದರೆ ಅದು ಇಸವಿಯಲ್ಲ, ಮಾದರಿಯ ಸಂಖ್ಯೆ. ಗ್ರಿಸ್ವೋಲ್ಡಿನವರ ೮ನೆಯ ನಂಬರಿನ ಬಾಣಲೆಗೆ ೭೦೪, ವ್ಯಾಗ್ನರಿನವರದಕ್ಕೆ ೧೦೫೮. ಇದು ಒಳ್ಳೆಯ ಸಾಕ್ಷಿ. ಮುದ್ರೆಯೂ ಮಾದರಿ ಸಂಖ್ಯೆಯೂ ಒಂದಕ್ಕೊಂದು ಹೊಂದಬೇಕು. ನಮ್ಮ ಗುಳಿಯಪ್ಪದ ಕಾವಲಿಯನ್ನು ಹೋಲುವ, ಏಳು ಗುಳಿಗಳ ಪಾತ್ರೆಯೊಂದುಂಟು. ಡೆನ್ಮಾರ್ಕಿನವರ ಈಬಲ್‌ಸ್ಕೀವರ್ ಎಂಬ ಸಿಹಿ ಉಂಡೆಗಾಗಿ ಆದದ್ದು. ಗ್ರಿಸ್ವೋಲ್ಡಿನವರಲ್ಲಿ ಅದಕ್ಕೆ ೩೨ನೆಯ ನಂಬರು, ಮಾದರಿ ಸಂಖ್ಯೆ ೯೬೨. ಅಲ್ಲಿರುವ ನಮ್ಮವರಿಗೆ ಇಂಥದು ಸಿಕ್ಕಿದರೆ ಗುಳಿಯಪ್ಪಕ್ಕೆ ಬೇರೆ ಕಾವಲಿ ಬೇಡ.

ನಿಜವಾದ ಇಸವಿಯೇ ಬೆನ್ನಿನ ಮೇಲಿದ್ದರೂ ಮೋಸಹೋಗುವುದುಂಟು. ‘ವ್ಯಾಗ್ನರ್ ೧೮೯೧’ ಎಂದು ಬರೆದು, ಕೆಳಗೆ ಬಳಸುವ ವಿಧಾನವನ್ನು ಸಾಲು ಸಾಲಾಗಿ ಎರಕದಲ್ಲೇ ಮೂಡಿಸಿದ ಬಾಣಲೆಗಳಿವೆ. ನೂರು ವರ್ಷ ದಾಟಿದ ಪಾತ್ರೆಯೆಂದು ಜನ ಹಿಗ್ಗುತ್ತಾರೆ. ಆದರೆ ಅವು ಕಾರ್ಖಾನೆಯ ಶತಮಾನೋತ್ಸವದ ನೆನಪಿಗೆ ೧೯೯೧ರಿಂದ ಮಾಡಿದವು. ಅಂಗಡಿಯ ಬೋರ್ಡಿನ ಮೇಲೆ ‘ಸ್ಥಾಪನೆ ೧೯೩೨’ ಎಂದಿದ್ದರೆ ಒಳಗಿರುವ ಬಿಸ್ಕತ್ತು ೧೯೩೨ರದಲ್ಲವಷ್ಟೆ! ‘ಅಮೆರಿಕಾದಲ್ಲಿ ತಯಾರಾದುದು’ ಎಂಬ ಸಾಲು ಇದ್ದರೂ ಪಾತ್ರೆ ಹೆಚ್ಚಾಗಿ ೧೯೬೦ರ ಈಚಿನದು.

ಹೆಸರಿಲ್ಲದ ಬಾಣಲೆಗಳ ಗತಿಯೇನು? ಅವು ಅನಾಥವಲ್ಲ. ತಳದ ಉಂಗುರವು ಮೂರು ಕಡೆ ಕಡಿದಂತಿದ್ದರೆ, ಕಳೆದ ಶತಮಾನದ ನಡುಗಾಲದ ಲಾಡ್ಜ್ ಇರಬಹುದೆಂದು ಬಲ್ಲವರು ಮೊದಲು ಊಹಿಸಿ, ಆಮೇಲೆ ಹಿಡಿಯ ಆಕಾರವನ್ನೂ ಅಂಕಿಯ ವಟುವನ್ನೂ ಹೋಲಿಸುತ್ತಾರೆ. ಹಿಡಿಯ ಅಡಿಯಲ್ಲಿ ಒಂದು ಅಂಕಿಯೂ ಅದರ ಪಕ್ಕದಲ್ಲಿ ಒಂದು ಅಕ್ಷರವೂ ಮಾತ್ರ ಇದ್ದರೆ ಅಲಬಾಮಾ ಪ್ರಾಂತದ ಬರ್ಮಿಂಗ್‌ಹ್ಯಾಮ್ ಸ್ಟೋವ್ ಅಂಡ್ ರೇಂಜ್ ಕಾರ್ಖಾನೆಯದೇ ಎಂದು ನೋಡುತ್ತಾರೆ. ಸಂಗ್ರಾಹಕರು ಅವನ್ನು ‘ಕೆಂಪು ಬೆಟ್ಟ’ದ ಬಾಣಲೆಗಳೆನ್ನುತ್ತಾರೆ. ಅಂಕಿತವಿಲ್ಲದ ಪದ್ಯವನ್ನು ಶೈಲಿಯಿಂದ ಗುರುತಿಸುವ ಹಾಗೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಸಂಗವಿದೆ: ಒಂದೇ ಬೆನ್ನಿನ ಮೇಲೆ ಎರಡು ಹೆಸರು. ಒಹಾಯೋದ ವಾಪಕೊನೆಟಾ ಎಂಬ ಊರಿನಲ್ಲಿ ವಾಪಕ್ ಎಂಬ ಕಾರ್ಖಾನೆ ೧೯೦೩ರಿಂದ ೧೯೨೬ರ ವರೆಗೆ ನಡೆಯಿತು. ಅವರ ಕೆಲವು ಬಾಣಲೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅವರ ಮುದ್ರೆಯ ಅಡಿಯಲ್ಲಿ ‘ಈರಿ’ ಎಂಬ ಅಕ್ಷರಗಳು ಮಬ್ಬಾಗಿ ಕಾಣುತ್ತವೆ. ಈರಿಯ ಬಾಣಲೆಯನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದುದರ ಗುರುತು ಅದು. ಸಂಗ್ರಾಹಕರು ಇದನ್ನು ಭೂತದ ಗುರುತು ಎನ್ನುತ್ತಾರೆ. ಅಳಿಸಿ ಬರೆದ ಓಲೆಯಲ್ಲಿ ಹಳೆಯ ಅಕ್ಷರ ಇಣುಕುವಂತೆ ಅದು ಇಣುಕುತ್ತದೆ.

ಇಲ್ಲಿಗೆ ನಾವು ಕೃತಕದ ವಿಚಾರಕ್ಕೆ ಬಂದೆವು. ನಮ್ಮ ಇತಿಹಾಸದಲ್ಲಿ ಕೂಟಶಾಸನಗಳುಂಟು: ಇಲ್ಲದ ದಾನವನ್ನು ಉಂಟೆಂದು ತೋರಿಸಲು ಹಿಂದಿನ ರಾಜನ ಹೆಸರಿನಲ್ಲಿ ಬರೆಸಿದ ತಾಮ್ರಪಟಗಳು. ಅಂತೆಯೇ ಬಾಣಲೆಯಲ್ಲಿಯೂ ಉಂಟು. ಅಗ್ಗವಾಗಿ ಎಲ್ಲೆಲ್ಲೂ ಸಿಕ್ಕುವ ೮ನೆಯ ನಂಬರನ್ನು ಸಾಮಾನ್ಯವಾಗಿ ಯಾರೂ ಕೃತಕವಾಗಿ ಮಾಡುವುದಿಲ್ಲ. ಅಪರೂಪವೂ ದುಬಾರಿಯೂ ಆದ, ಆಟಿಕೆಯಂತಿರುವ ಪುಟ್ಟ ಬಾಣಲೆಗಳು, ಚಿತ್ರವಿಚಿತ್ರವಾದ ಕೇಕಿನ ಅಚ್ಚುಗಳು, ಇವನ್ನೇ ಹಿಡಿಯುತ್ತಾರೆ. ನಿಜವಾದ ಒಂದನ್ನು ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಹೆಸರೂ ಬರುತ್ತದೆ, ಅಂಕಿಯೂ ಬರುತ್ತದೆ.

ಆದರೆ ಕಬ್ಬಿಣ ಸುಳ್ಳು ಹೇಳಲಾರದು. ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅಡಿಗೆ ಅಂಗುಲದ ಎಂಟನೆಯ ಒಂದು ಪಾಲು, ಎಂದರೆ ನೂರಕ್ಕೆ ಸುಮಾರು ಒಂದು ಪಾಲು. ಮಾದರಿ ಮಾಡುವ ಕುಶಲಿ ಇದನ್ನು ಬಲ್ಲನಾದ್ದರಿಂದ, ಕುಗ್ಗುವಷ್ಟನ್ನು ಮೊದಲೇ ಸೇರಿಸಿ ಗೆರೆ ಹಾಕಿದ ವಿಶೇಷ ಅಳತೆಪಟ್ಟಿಯನ್ನು ಬಳಸಿ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡುತ್ತಾನೆ. ಕೃತಕ ಮಾಡುವವನಿಗೆ ಆ ಮಾದರಿ ಎಲ್ಲಿಂದ ಬರಬೇಕು? ಅವನು ಆಗಲೇ ಕುಗ್ಗಿದ ಬಾಣಲೆಯನ್ನೇ ಮಾದರಿ ಮಾಡುತ್ತಾನೆ. ಅವನ ಎರಕ ಇನ್ನೊಮ್ಮೆ ಕುಗ್ಗುತ್ತದೆ. ಆದುದರಿಂದ ಕೃತಕವು ನಿಜಕ್ಕಿಂತ ತುಸು ಚಿಕ್ಕದು. ಜೊತೆಗೆ ಅಕ್ಷರದ ಮೂಲೆಗಳು ಸವೆದ ನಾಣ್ಯದಂತೆ ಮೊಂಡಾಗಿರುತ್ತವೆ, ಮೈ ರವೆರವೆಯಾಗಿರುತ್ತದೆ. ಈ ಹಳೆಯ ಕಾರ್ಖಾನೆಗಳವರು ಎರಕವಾದ ಮೇಲೆ ಒಳಮೈಯನ್ನು ಉಜ್ಜಿ ನಯಮಾಡುತ್ತಿದ್ದರು. ಕೃತಕದವನಿಗೆ ಅಷ್ಟು ಪುರಸೊತ್ತಿಲ್ಲ.

ಹೋದ ಬೇಸಗೆಯ ರಜದಲ್ಲಿ ನಾವು ದಂಪತಿಗಳು ಮಗಳ ಮನೆಗೆ ಹೋದೆವು. ೯೦ ಡಾಲರಿನ ಪುಟ್ಟ ಬಾಣಲೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಸಾಸಿವೆ ಅದರಲ್ಲಿ ಅಂಟಿಕೊಳ್ಳುವುದೆಂದು ಮಗಳು ಮೊದಲೇ ದೂರಿದ್ದಳು. ಅದೇ ಬೀದಿಯ ವೃದ್ಧೆಯೊಬ್ಬರು, ತಾವು ಚಿಕ್ಕಂದಿನಲ್ಲಿ ಆಡಿದ, ಅವರ ತಾಯಿ ಕೊಂಡುಕೊಟ್ಟ ಅದೇ ಮಾದರಿಯ ಬಾಣಲೆಯನ್ನು ಕೈಚೀಲದಲ್ಲಿಟ್ಟು ತಂದು ತೋರಿಸಿದರು. ಎರಡನ್ನೂ ಮೇಜಿನ ಮೇಲೆ ಬೋರಲು ಹಾಕಿದೆವು. ಹೇಳುವುದೇನು? ಅವರದರಲ್ಲಿ ಅಕ್ಷರಗಳು ಕಂಡರಿಸಿದಂತಿದ್ದವು. ನಮ್ಮದರಲ್ಲಿ ಬೆಲ್ಲದ ಮೇಲೆ ಒತ್ತಿದಂತಿದ್ದವು. ಅಳೆದರೆ ನಮ್ಮದು ಒಂದು ಮಿಲಿಮೀಟರಿನಷ್ಟು ಕಿರಿದು. ಆ ತಾಯಿ ಏನನ್ನೂ ಹೇಳದೆ ತಮ್ಮ ಬಾಣಲೆಯನ್ನು ಮೆಲ್ಲಗೆ ಕೈಚೀಲಕ್ಕೆ ಹಾಕಿಕೊಂಡರು. ಮಗಳೂ ಏನನ್ನೂ ಹೇಳಲಿಲ್ಲ. ಮೂವತ್ತು ವರ್ಷಗಳಿಂದ ಮಕ್ಕಳಿಗೆ, ಅಂಕಿತ ಒಂದನ್ನೇ ನಂಬಿ ಪದ್ಯವನ್ನು ಕವಿಗೆ ಕಟ್ಟಬೇಡಿ, ಭಾಷೆ ನೋಡಿ, ಛಂದಸ್ಸು ನೋಡಿ, ಪಾಠಾಂತರ ನೋಡಿ ಎಂದು ಹೇಳಿಕೊಂಡು ಬಂದವನು ನಾನು. ಸ್ವಂತ ಮಗಳು ಕೇಳಿದಾಗ ಹೆಸರನ್ನಷ್ಟೆ ನೋಡಿದೆ.

ಅಂಥ ಮಾರಾಟದಲ್ಲಿ ತಮ್ಮ ಮಕ್ಕಳೋ ಬಂಧುಗಳೋ ಹಳೆಯ ಬಾಣಲೆ ಕೊಳ್ಳುವುದಿದ್ದರೆ ಈ ಕೆಲವು ಮಾತುಗಳನ್ನು ತಿಳಿಸಿರಿ. ಸಂತೆಯಲ್ಲಿ ಗಡಿಗೆಯನ್ನು ತಟ್ಟಿ ನೋಡುವಂತೆ ಬಾಣಲೆಯನ್ನು ಬೆರಳಗಂಟಿನಿಂದ ತಟ್ಟಬೇಕು. ಗಂಟೆಯಂತೆ ನುಡಿಯದೆ ಬದ್ದೆಂದರೆ ಎಲ್ಲಿಯೋ ಬಿರುಕಿದೆ. ಸಮನಾದ ಕಲ್ಲಿನ ಮೇಲಿಟ್ಟು ಒತ್ತಬೇಕು. ತಿರುಗಿದರೆ ತಳ ಡೊಂಕಾಗಿದೆ. ಮುದ್ರೆ ಕಿಟ್ಟದಲ್ಲಿ ಮುಚ್ಚಿಹೋಗಿದ್ದರೆ, ಶಾಸನದವರು ಕಲ್ಲಿನ ಮೇಲೆ ಕಾಗದ ಹಾಕಿ ಅಚ್ಚು ತೆಗೆಯುವಂತೆ, ತೆಳ್ಳನೆಯ ಕಾಗದವನ್ನಿಟ್ಟು ಪೆನ್ಸಿಲನ್ನು ಅಡ್ಡವಾಗಿ ಉಜ್ಜಬೇಕು, ಅಕ್ಷರ ಮೂಡುತ್ತದೆ. ಕಿಟ್ಟ ಬಿಡಿಸುವುದಕ್ಕೆ ಕಾಸ್ಟಿಕ್ ಸೋಡದ ನೀರಿನಲ್ಲಿ ನೆನೆಸುವುದುಂಟು. ಅದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತುವಾದ್ದರಿಂದ ರಬ್ಬರಿನ ಕೈಚೀಲ, ಕನ್ನಡಕ ಬೇಕೇ ಬೇಕು; ಮಕ್ಕಳು ಹತ್ತಿರ ಸುಳಿಯಬಾರದು. ಯಂತ್ರದಿಂದ ಉಜ್ಜಿಸಬಾರದು, ಅಂಕಿತವೇ ಹೋಗುತ್ತದೆ. ಬೆಂಕಿಯಲ್ಲಿ ಎಸೆದು ಸುಡಬಾರದು, ತಳ ಡೊಂಕಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ. ಆ ದೇಶದಲ್ಲಿ ಕೆಲವರು ಬಂದೂಕಿನ ಗುಂಡು, ಮೀನಿನ ಗಾಳದ ತೂಕ ಇವನ್ನು ಮಾಡಲು ಹಳೆಯ ಬಾಣಲೆಗಳಲ್ಲಿ ಸೀಸವನ್ನು ಕರಗಿಸುತ್ತಿದ್ದರು. ಸೀಸ ವಿಷ, ಅದರಲ್ಲಿಯೂ ಮಕ್ಕಳಿಗೆ. ಪರೀಕ್ಷಿಸುವ ಕಡ್ಡಿಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ಬೂದುಬಣ್ಣದ ಲೋಹದ ಹನಿಗಳು ಕಂಡರೆ, ಅಥವಾ ಸಂದೇಹ ಬಂದರೆ, ಎಷ್ಟೇ ದೊಡ್ಡ ಹೆಸರಿರಲಿ, ಅದನ್ನು ಅಡಿಗೆಗೆ ಇಡಬಾರದು. ಎಣ್ಣೆ ಹಚ್ಚಿ ಪಳಗಿಸಿದರೆ ಆ ದೋಷ ಹೋಗುವುದಿಲ್ಲ.

ಮಗಳು ಈಗ ದೋಸೆ ಹುಯ್ಯುವುದು ಹೆಸರಿಲ್ಲದ ಬಾಣಲೆಯಲ್ಲಿ. ನಾನು ಬೇಡವೆಂದ ಆ ದೊಡ್ಡದು ಮುಂದಿನ ವಾರವೂ ಅಲ್ಲಿಯೇ ಬಿದ್ದಿತ್ತಂತೆ. ತಾಯಿಯ ಮಾತನ್ನು ನೆನೆದು ತಂದಿದ್ದಳು. ಕಿಟ್ಟ ಬಿಡಿಸಿ ಸೀಸದ ಪರೀಕ್ಷೆ ಮಾಡಿದ ಮೇಲೆಯೇ ಒಲೆಗೇರಿಸಿದಳಂತೆ. ಬೋರಲು ಹಾಕಿ ತೋರಿಸಿದಾಗ ಉಂಗುರದಲ್ಲಿ ಮೂರು ಕಡಿತಗಳನ್ನು ನಾನೇ ಎಣಿಸಿದೆ.

ಊರಿಗೆ ಬಂದವನೇ ನಮ್ಮ ಅಟ್ಟವನ್ನು ಹತ್ತಿದೆ. ನನ್ನ ತಾಯಿ ನಲವತ್ತು ವರ್ಷ ದೋಸೆ ಹುಯ್ದ ಬೀಡಿನ ಕಾವಲಿ ಅಲ್ಲಿದ್ದೀತೆಂಬ ಆಸೆ. ಅದು ಇರಲಿಲ್ಲ. ಅಂಟದ ಹೊಸ ಕಾವಲಿ ಮನೆಗೆ ಬಂದ ವರ್ಷ, ಅದನ್ನು ಹಳೇ ಕಬ್ಬಿಣದವನಿಗೆ ತೂಕಕ್ಕೆ ಹಾಕಿದವನು ನಾನೇ ಎಂದು ಮನೆಯಾಕೆ ನೆನಪುಮಾಡಿಕೊಟ್ಟಳು. ಅದರ ಬೆನ್ನಿನ ಮೇಲೆ ಒಂದು ಅಂಕಿಯಿತ್ತೋ, ಒಂದು ಅಕ್ಷರವಿತ್ತೋ, ಯಾವ ಊರಿನ ಎರಕವೋ ಹೇಳಲಾರೆ. ಅಷ್ಟು ವರ್ಷ ಅದರ ಮುಂದೆ ಎಲೆ ಹಾಕಿಕೊಂಡು ಕೂತವರಲ್ಲಿ ಒಬ್ಬರೂ ಅದನ್ನು ತಿರುಗಿಸಿ ನೋಡಿರಲಿಲ್ಲ.

ತಮ್ಮ ಮನೆಯಲ್ಲಿ ಅಂಥ ಕಾವಲಿ ಇನ್ನೂ ಇದ್ದರೆ, ಈ ಸಂಜೆ ರೇಡಿಯೋ ಹಾಡುತ್ತಿರುವಾಗ ಅದನ್ನು ಕೆಳಗಿಳಿಸಿ, ಬೋರಲು ಹಾಕಿ, ದೀಪವನ್ನು ಓರೆಯಾಗಿ ಹಿಡಿದು ನೋಡಿರಿ. ಗುರುತು ಕಂಡರೆ ಕಾಗದದ ಮೇಲೆ ಅಚ್ಚು ತೆಗೆಯಿರಿ. ಕಾಣದಿದ್ದರೆ, ಅದನ್ನು ಯಾರು ಎಲ್ಲಿಂದ ತಂದರು, ಯಾರು ಅದರ ಮೇಲೆ ಅಡಿಗೆ ಮಾಡಿದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿರಿ. ಕೇಳಿದರೆ ಹೇಳುವವರು ಇನ್ನೂ ಇರುವಾಗಲೇ ಆ ಕೆಲಸವಾಗಲಿ.